ಹರಿತಾಳ ಪುಟ ತೆರೆಯುತ್ತಿಲ್ಲ

ಮುನಿಶಾಮಪ್ಪನವರು ನೇರವಾಗಿ ಇಲ್ಲ ಎಂದುಬಿಟ್ಟಿದ್ದರೆ ರಮೇಶ್‌ಬಾಬು ಅಪರಾಧಿಯಾಗುತ್ತಿರಲಿಲ್ಲ. ಹೆಣ್ಣು ನೋಡಲು ಹೋದ ಕಡೆ ಇಲ್ಲ ಎನ್ನಿಸಿಕೊಂಡು ಅವನಿಗೆ ಅಭ್ಯಾಸವಿತ್ತು. ಬಾಗೇಪಲ್ಲಿಯವರು ಅಂದಿದ್ದರು, ನಗರಗೆರೆಯವರು ಅಂದಿದ್ದರು, ತೊಂಡೇಬಾವಿಯ ಒಂದು ಮನೆಯವರಂತೂ ಕಾಫಿ ಕೊಡುವ ಮೊದಲೇ ಅಂದಿದ್ದರು. ಆದರೆ ಚಿಂತಾಮಣಿಯ ಮುನಿಶಾಮಪ್ಪನವರು ಅವನಿಗೆ ಎರಡು ಸಲ ಉಪ್ಪಿಟ್ಟು ಬಡಿಸಿ, ಆಫೀಸು ಬಾಡಿಗೆಯದೋ ಸ್ವಂತದ್ದೋ ಎಂದು ವಿಚಾರಿಸಿ, ಹೊರಡುವಾಗ ಬಾಗಿಲವರೆಗೂ ಬಂದು ಹೆಗಲ ಮೇಲೆ ಕೈಯಿಟ್ಟು, "ಹುಡುಗ ಚೆನ್ನಾಗೇ ಇದೀಯಪ್ಪ. ಇನ್ನೊಂದು ನಾಲ್ಕು ಕಡೆ ನೋಡ್ತೀವಿ. ಆಷಾಢ ಕಳೀಲಿ, ಶ್ರಾವಣದಲ್ಲಿ ಒಂದು ಮಾತು ಹೇಳ್ತೀನಿ" ಎಂದರು.

ಆ ನಾಲ್ಕು ಕಡೆ ಎನ್ನುವ ಮಾತು ರಮೇಶ್‌ಬಾಬುವಿನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೂ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕಿದ. ಅವನ ಅಭಿಪ್ರಾಯದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ವಯಸ್ಸು ಮೂವತ್ನಾಲ್ಕು, ಗೊಬ್ಬರದಂಗಡಿಯ ಮಹಡಿಯಲ್ಲಿ ಸ್ವಂತ ಆಫೀಸು, ಬಾಗಿಲ ಮೇಲೆ 'ವೇಗ ವೆಬ್ ಸೊಲ್ಯೂಷನ್ಸ್' ಎಂಬ ಬೋರ್ಡು. ನಿಧಾನವಾದ ವೆಬ್‌ಸೈಟುಗಳನ್ನು ಚುರುಕು ಮಾಡುವುದು ಅವನ ಕಸುಬು. ಸ್ಕಂದಗಿರಿಯ ಬುಡದಲ್ಲಿ ಟೆಂಟು ಬಾಡಿಗೆಗೆ ಕೊಡುವವರು, ಚಿಕ್ಕಬಳ್ಳಾಪುರದ ಹೂವಿನ ಮಂಡಿಯವರು, ಒಂದು ನರ್ಸಿಂಗ್ ಕಾಲೇಜಿನವರು, ಎಲ್ಲರೂ ಅವನ ಗಿರಾಕಿಗಳೇ. ಲೋಕದ ಸಕಲ ಸಂಕಟಗಳಿಗೂ ಭಾರವಾದ ಫೋಟೊಗಳೇ ಕಾರಣವೆಂದು ಅವನು ಮನಸಾರೆ ನಂಬಿದ್ದ.

"ಏಮಿ ರಾ, ಮುಖ ಹಿಂಗೆ ಇಟ್ಕೊಂಡಿದೀಯ?" ಎಂದಳು ಪಕ್ಕದಲ್ಲಿ ಕೂತಿದ್ದ ತಾಯಿ ಶ್ಯಾಮಲಮ್ಮ. "ಅವ್ರು ಇಲ್ಲ ಅಂದಿಲ್ವಲ್ಲ."

"ಹೂಂ ಅಂತಾನೂ ಅಂದಿಲ್ಲಮ್ಮ."

"ನೋಡ್ಲಿ ಬಿಡಪ್ಪ. ಹೆಣ್ಣು ಹೆತ್ತೋರು ನೋಡ್ದೆ ಕೊಡ್ತಾರಾ? ನಾಲ್ಕು ಕಡೆ ನೋಡಿ ನಿನ್ನ ಹತ್ರಾನೇ ಬರ್ತಾರೆ."

ರಮೇಶ್‌ಬಾಬುವಿಗೆ ಆ ನಂಬಿಕೆ ಇರಲಿಲ್ಲ. ನಾಲ್ಕು ಕಡೆ ನೋಡಿದವರು ಯಾರೂ ಈವರೆಗೆ ಅವನ ಹತ್ತಿರ ವಾಪಸ್ಸು ಬಂದಿರಲಿಲ್ಲ.

ಹಾಗೆಂದು ಬಿಟ್ಟುಬಿಡುವ ಹಾಗೂ ಇರಲಿಲ್ಲ, ಏಕೆಂದರೆ ಈ ಸಲದ ಹುಡುಗಿ ಮುನಿಶಾಮಪ್ಪನವರ ಮಗಳು ಹರಿತಾ. ಅವಳು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದಳು. ಮಾತಾಡಿಕೊಳ್ಳಲಿ ಎಂದು ದೊಡ್ಡವರು ಇಬ್ಬರನ್ನೂ ಮಹಡಿಗೆ ಕಳಿಸಿದಾಗ ಅವನು ತನ್ನ ಕೆಲಸದ ಬಗ್ಗೆ ಉದ್ದಕ್ಕೂ ಹೇಳಿದ್ದ. ಎಲ್ಲವನ್ನೂ ಕೇಳಿಸಿಕೊಂಡು ಅವಳು, "ಸರಿ, ಬೇಗ ಓಪನ್ ಆಯ್ತು ಅಂತಾನೇ ಇಟ್ಕೊಳ್ಳಿ. ಆಮೇಲೆ ಒಳಗೆ ಏನಿರುತ್ತೆ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಅದು ಗಿರಾಕಿಗೆ ಬಿಟ್ಟಿದ್ದು" ಎಂದ. ಅವಳು ಜೋರಾಗಿ ನಕ್ಕುಬಿಟ್ಟಳು. ಆ ನಗುವಿನಲ್ಲಿ ತನ್ನ ಪಾಲು ಎಷ್ಟು, ತನ್ನ ಉತ್ತರದ ಪಾಲು ಎಷ್ಟು ಎಂದು ಯೋಚಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ. ಅವನು ಅವಳನ್ನು ಪ್ರೀತಿಸಿಬಿಟ್ಟ. ಅವನ ಮಿಕ್ಕ ಗುಣಗಳ ಬಗ್ಗೆ ಏನೇ ಹೇಳಿದರೂ ಇದೊಂದು ನಿಜ.

ಅವಕಾಶ ತಾನಾಗಿ ಫೋನು ಮಾಡಿತು. ಆ ಕಡೆಯಿದ್ದವರು ಚಿಕ್ಕಬಳ್ಳಾಪುರದ ಸಮುದಾಯ ಸಂಘದ ಅಧ್ಯಕ್ಷರು ಬಯ್ಯಪ್ಪನವರು. ಸಂಘದವರು ಮೂರು ವರ್ಷದ ಹಿಂದೆ ಒಂದು ವಧು-ವರರ ವೆಬ್‌ಸೈಟು ಮಾಡಿಸಿದ್ದರು. ನಾಲ್ಕು ತಾಲ್ಲೂಕಿನ ಮದುವೆಗೆ ಬಂದ ಹುಡುಗ ಹುಡುಗಿಯರೆಲ್ಲ ಅದರಲ್ಲಿದ್ದರು. ರಮೇಶ್‌ಬಾಬುವೂ ಇದ್ದ, ಹರಿತಾಳೂ ಇದ್ದಳು. ಆ ಸೈಟು ತೆರೆದರೆ ಮೊದಲು ನಾದಸ್ವರ ಬರುತ್ತಿತ್ತು, ಆಮೇಲೆ ಮೇಲಿಂದ ಮಲ್ಲಿಗೆ ಹೂ ಉದುರುತ್ತಿತ್ತು, ಆಮೇಲೆ ಸಮುದಾಯ ಭವನದ ಶಂಕುಸ್ಥಾಪನೆಯ ಫೋಟೊ, ಅದರಲ್ಲಿ ಹಾರ ಹಾಕಿಕೊಂಡ ಬಯ್ಯಪ್ಪನವರು. ಹುಡುಗ ಹುಡುಗಿಯರು ಬರುವುದು ಇಷ್ಟೆಲ್ಲ ಇಳಿದ ಮೇಲೆ.

"ಪೇಜ್ ಓಪನ್ ಆಗೋ ಹೊತ್ಗೆ ಹುಡುಗಿ ಬಾಣಂತನ ಮುಗಿದಿರುತ್ತೆ ಅಂತ ಜನ ಆಡ್ಕೋತಾವ್ರೆ ಕಣಪ್ಪ" ಎಂದರು ಬಯ್ಯಪ್ಪ. "ನೀನು ಸ್ಪೀಡ್ ಮಾಡ್ಕೊಡ್ತೀಯಂತೆ. ನಮ್ಮ ಹುಡುಗ ಇರೋವಾಗ ಹೊರಗಿನೋರ್ಗೆ ಯಾಕೆ ಕೊಡಾಣ?"

ರಮೇಶ್‌ಬಾಬು ವಿನಯದಿಂದ ಒಪ್ಪಿಕೊಂಡ. ಫೋನು ಇಟ್ಟು ಎದುರಿನ ಗೋಡೆ ನೋಡುತ್ತ ಕೂತ. ಮುನಿಶಾಮಪ್ಪನವರ ನಾಲ್ಕು ಕಡೆಗಳು ಬರಬೇಕಾದ ದಾರಿ ಈ ವೆಬ್‌ಸೈಟು ಎಂಬುದು ಅವನಿಗೆ ಆಗ ಹೊಳೆಯಿತು. ಆ ದಾರಿಯ ಬೀಗದ ಕೈಯನ್ನು ಈಗ ತಾನೇ ಅಧ್ಯಕ್ಷರು ಅವನ ಕೈಗೆ ಕೊಟ್ಟಿದ್ದರು.

ಹರಿತಾಳ ಪುಟವನ್ನು ಅಳಿಸಿಹಾಕುವುದು ದಡ್ಡರ ಕೆಲಸ ಎಂದು ಅವನು ಮೊದಲೇ ತೀರ್ಮಾನಿಸಿದ. ಇದ್ದದ್ದು ಇಲ್ಲವಾದರೆ ಜನ ಕೇಳುತ್ತಾರೆ. ಅವಳ ವಯಸ್ಸು ಹೆಚ್ಚು ಮಾಡುವುದು, ಜಾತಕ ತಿದ್ದುವುದು, ಇವೆಲ್ಲ ಸಿಕ್ಕಿಬೀಳುವವರ ದಾರಿ. ಮೇಲಾಗಿ ಮುಂದೆ ಅದೇ ಜಾತಕ ತನ್ನ ಮನೆಗೇ ಬರಬೇಕಲ್ಲ. ಅವನು ಯೋಚಿಸಿದ ಅಪರಾಧದಲ್ಲಿ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ. ಎಲ್ಲವೂ ಇದ್ದ ಹಾಗೇ ಇರುತ್ತದೆ. ಬರುವುದು ಮಾತ್ರ ತಡವಾಗುತ್ತದೆ. ನಿಧಾನವಾಗಿದೆ ಎಂದು ಯಾವ ಠಾಣೆಯಲ್ಲೂ ದೂರು ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳುವುದಾದರೆ ಮೊದಲ ದೂರನ್ನು ಠಾಣೆಯ ಮೇಲೆಯೇ ಬರೆದುಕೊಳ್ಳಬೇಕಾಗುತ್ತದೆ.

ಅವನ ಕಸುಬಿನಲ್ಲಿ ಎಲ್ಲರೂ ಒಪ್ಪಿದ ಒಂದು ಸತ್ಯವಿತ್ತು. ಪುಟ ಮೂರು ಸೆಕೆಂಡಿನೊಳಗೆ ತೆರೆಯದಿದ್ದರೆ ನೋಡುವವನು ಎದ್ದು ಹೋಗುತ್ತಾನೆ. ಹೋದವನು ಮತ್ತೆ ಬರುವುದಿಲ್ಲ. ಪಕ್ಕದ ಅಂಗಡಿಗೆ ಹೋಗುತ್ತಾನೆ. ಈ ಮಾತನ್ನು ದೊಡ್ಡ ದೊಡ್ಡ ದೇಶಗಳಲ್ಲಿ ಕೋಟು ಹಾಕಿಕೊಂಡವರು ವೇದಿಕೆಯ ಮೇಲೆ ಓಡಾಡುತ್ತ ಹೇಳಿದ ವಿಡಿಯೊಗಳನ್ನು ಅವನು ಎಷ್ಟೋ ಸಲ ನೋಡಿದ್ದ. ಇದೇ ಮಾತು ಹೇಳಿ ಹೂವಿನ ಮಂಡಿಯವರನ್ನು ಹೆದರಿಸಿ ಕೆಲಸ ಹಿಡಿದಿದ್ದ. ಹಾಗಿದ್ದಮೇಲೆ ಹರಿತಾಳನ್ನು ನೋಡಲು ಬಂದ ವರ ಮೂರು ಸೆಕೆಂಡು ಕಾಯುತ್ತಾನೆ, ಬೇಸರಪಡುತ್ತಾನೆ, ಅದೇ ಪಟ್ಟಿಯ ಶಿರೀಷಾಳನ್ನೋ ಯಾಮಿನಿಯನ್ನೋ ನೋಡಲು ಹೋಗುತ್ತಾನೆ. ಶ್ರಾವಣ ಬರುವಷ್ಟರಲ್ಲಿ ಮುನಿಶಾಮಪ್ಪನವರಿಗೆ ಉಳಿಯುವುದು ಒಂದೇ ಕಡೆ.

ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ನಾದಸ್ವರ ತೆಗೆದ, ಮಲ್ಲಿಗೆ ಉದುರುವುದನ್ನು ನಿಲ್ಲಿಸಿದ, ಶಂಕುಸ್ಥಾಪನೆಯ ಫೋಟೊವನ್ನು ಬಯ್ಯಪ್ಪನವರಿಗೆ ನೋವಾಗದ ಹಾಗೆ ಕೊನೆಯ ಪುಟಕ್ಕೆ ಸಾಗಿಸಿದ. ಪ್ರತಿಯೊಬ್ಬರ ಫೋಟೊವನ್ನೂ ಹಗುರ ಮಾಡಿದ. ಒಮ್ಮೆ ನೋಡಿದ್ದನ್ನು ಮತ್ತೆ ಮತ್ತೆ ತರಿಸದೆ ಫೋನಿನಲ್ಲೇ ಇಟ್ಟುಕೊಳ್ಳುವ ಏರ್ಪಾಡು ಮಾಡಿದ. ನಾಲ್ಕು ತಾಲ್ಲೂಕಿನ ಸಮಸ್ತ ವಧು-ವರರೂ ಬೆರಳು ಮುಟ್ಟಿಸಿದ ಕೂಡಲೇ ಬಂದು ನಿಲ್ಲುವ ಹಾಗಾಯಿತು.

ಹರಿತಾ ಒಬ್ಬಳನ್ನು ಬಿಟ್ಟು. ಅವಳ ಫೋಟೊವನ್ನು ಸ್ಟುಡಿಯೊದವರು ಕೊಟ್ಟ ಪೂರ್ತಿ ಗಾತ್ರದಲ್ಲೇ ಇಟ್ಟ; ಗೋಡೆಯಷ್ಟು ದೊಡ್ಡ ಫ್ಲೆಕ್ಸ್ ಮಾಡಿಸಬಹುದಾದ ಫೋಟೊ ಅದು. ಅದನ್ನು ಜಗತ್ತಿನ ಆ ಮೂಲೆಯಲ್ಲಿ, ಅತಿ ಅಗ್ಗದ, ಅತಿ ಸೋಮಾರಿಯಾದ ಒಂದು ಸರ್ವರಿನಲ್ಲಿ ಕೂರಿಸಿದ. ಫೋಟೊ ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮೊದಲು ಮುಡಿ, ಮುಡಿಯಲ್ಲಿದ್ದ ಕನಕಾಂಬರ, ಆಮೇಲೆ ಹಣೆ, ಬೊಟ್ಟು, ಹುಬ್ಬು. ಅಲ್ಲಿಗೆ ನಿಂತುಬಿಡುತ್ತಿತ್ತು. ಕಣ್ಣು ಬರುವುದಕ್ಕೆ ಮುಂಚೆ ಸುತ್ತುವ ಚಕ್ರ ಬರುತ್ತಿತ್ತು. ಅಪರೂಪಕ್ಕೆ ಯಾವಾಗಲಾದರೂ ಪೂರ್ತಿ ತೆರೆಯಲು ಬಿಟ್ಟ, ಏಕೆಂದರೆ ಯಾವಾಗಲೂ ಕೆಡುವ ವಸ್ತುವಿನ ಮೇಲೆ ಜನಕ್ಕೆ ಅನುಮಾನ ಬರುತ್ತದೆ.

ಸಾಕ್ಷಿಗಳ ವಿಚಾರವನ್ನೂ ಅವನು ಮರೆಯಲಿಲ್ಲ. ಸಂಘದ ಆಫೀಸಿನ ಕಂಪ್ಯೂಟರಿನಿಂದ ನೋಡಿದರೂ ಮುನಿಶಾಮಪ್ಪನವರ ಫೋನಿನಿಂದ ನೋಡಿದರೂ ಹರಿತಾ ತಕ್ಷಣ ಬರುತ್ತಾಳೆ, ಹಗುರವಾದ ಬೇರೊಂದು ಫೋಟೊದಲ್ಲಿ, ಮುಖದ ತುಂಬ ನಗುತ್ತ. ಯಾರಾದರೂ ದೂರು ಕೊಟ್ಟರೆ ಬಯ್ಯಪ್ಪನವರು ತಾವೇ ಒತ್ತಿ ನೋಡಿ, ನಿಮ್ಮ ಫೋನೇ ಸರಿಯಿಲ್ಲ ಎನ್ನುತ್ತಾರೆ. ಫೋನು ಸರಿಯಿಲ್ಲ ಎಂದರೆ ನಂಬದವರು ಯಾರೂ ಇಲ್ಲ. ಎಲ್ಲರಿಗೂ ತಮ್ಮ ಫೋನಿನ ಮೇಲೆ ಮೊದಲೇ ಒಂದು ಅಸಮಾಧಾನ ಇರುತ್ತದೆ.

ಉಳಿದದ್ದು ತನ್ನ ಪುಟ. ಅದರ ಮೇಲೆ ಅವನು ತನ್ನ ವಿದ್ಯೆಯನ್ನೆಲ್ಲ ಸುರಿದ. ಪಟ್ಟಿಯಲ್ಲಿ ಅವನ ಹೆಸರು ಕಣ್ಣಿಗೆ ಬಿದ್ದ ಕ್ಷಣವೇ ಪುಟ ಹಿಂದೆ ಸಿದ್ಧವಾಗಿ ನಿಂತಿರುತ್ತಿತ್ತು. ಬೆರಳು ತಗುಲುವುದೊಂದೇ ಬಾಕಿ. ಸಂಘದ ಇತಿಹಾಸದಲ್ಲಿ ಯಾವ ವರನೂ ಇಷ್ಟು ಬೇಗ ಪ್ರತ್ಯಕ್ಷನಾಗಿರಲಿಲ್ಲ. ಮಿಕ್ಕ ವರರಿಗೂ ತನಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸವಿದ್ದರೂ ಮನಸ್ಸಿಗೆ ನಾಟುತ್ತದೆ ಎಂದು ಆ ಕೋಟು ಹಾಕಿಕೊಂಡವರು ಹೇಳಿದ್ದರು.

ಜ್ಯೇಷ್ಠ ಮಾಸದ ಒಂದು ಭಾನುವಾರ ಚಿಕ್ಕಬಳ್ಳಾಪುರದ ಸಮುದಾಯ ಭವನದಲ್ಲಿ ಹೊಸ ಸೈಟಿನ ಉದ್ಘಾಟನೆ ಆಯಿತು. ಸಂಘದ ಕಂಪ್ಯೂಟರಿಗೆ ಜೋಡಿಸಿದ ಪರದೆಯ ಮೇಲೆ ಬಯ್ಯಪ್ಪನವರು ಒಂದೊಂದೇ ಹೆಸರು ಒತ್ತಿದರು. ಒತ್ತಿದವರೆಲ್ಲ ಬಂದರು. ಹರಿತಾಳನ್ನೂ ಒತ್ತಿದರು, ಅವಳೂ ಬಂದಳು. ಜನ ಚಪ್ಪಾಳೆ ತಟ್ಟಿದರು. ರಮೇಶ್‌ಬಾಬುವಿಗೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ಅಪರಾಧ ಮಾಡಿ ವಾರ ಕಳೆಯುವ ಮೊದಲೇ, ಅಪರಾಧ ನಡೆದ ಸೈಟಿನ ಮುಂದೆಯೇ, ಅಪರಾಧಕ್ಕೆ ಒಳಗಾದವರ ಕೈಯಿಂದಲೇ ಸನ್ಮಾನ ಮಾಡಿಸಿಕೊಂಡವರು ಈ ಜಿಲ್ಲೆಯಲ್ಲಿ ಮೊದಲೂ ಇದ್ದಿರಬಹುದು, ಆದರೆ ಅವರೆಲ್ಲ ಚುನಾವಣೆಗೆ ನಿಂತವರು. ಮೊದಲನೇ ಸಾಲಿನಲ್ಲಿದ್ದ ಮುನಿಶಾಮಪ್ಪನವರೂ ಬಂದು ಕೈ ಕುಲುಕಿದರು. "ಒಳ್ಳೇ ಕೆಲ್ಸ ಮಾಡಿದೀಯಪ್ಪ" ಎಂದರು. ಅವನಿಗೆ ಒಂದು ಕ್ಷಣ ನಾಚಿಕೆಯಾಯಿತು. ಪೇಟ ಜಾರುತ್ತಿತ್ತು, ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ನಾಚಿಕೆ ಹೋಯಿತು.

ಆಮೇಲಿನ ದಿನಗಳಲ್ಲಿ ಅವನು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದು ದೇವರ ಫೋಟೊಗೆ ಊದುಬತ್ತಿ ಹಚ್ಚಿ ಮೊದಲು ನೋಡುತ್ತಿದ್ದದ್ದು ಹರಿತಾಳ ಪುಟದ ಅಂಕಿಅಂಶ. ಎಲ್ಲ ಅಂದುಕೊಂಡ ಹಾಗೇ ನಡೆದಿತ್ತು. ಶಿಡ್ಲಘಟ್ಟದಿಂದ ಬಂದವನೊಬ್ಬ ಹುಬ್ಬಿನವರೆಗೆ ಕಾದು ಎದ್ದು ಹೋಗಿದ್ದ. ಮಾಲೂರಿನವನು ಬೊಟ್ಟಿಗೇ ಸೋತಿದ್ದ. ಮದನಪಲ್ಲಿಯವನು ಮುಡಿ ದಾಟಿರಲಿಲ್ಲ. ಮಾರನೆಯ ದಿನ ಅವರೇ ಮತ್ತೆ ಬಂದು ಮತ್ತೆ ಸೋಲುತ್ತಿದ್ದರು. ಕೆಲಸವಿಲ್ಲದ ಜನ ಎಂದುಕೊಂಡ. ಅವನ ಪುಟದ ಕಥೆ ಇನ್ನೂ ಚೆನ್ನಾಗಿತ್ತು. ಅಲ್ಲಿಗೆ ಬಂದವರೆಲ್ಲ ತಕ್ಷಣ ನೋಡಿ ತಕ್ಷಣ ಹೋಗುತ್ತಿದ್ದರು. ಒಬ್ಬರೂ ಎರಡನೇ ಸಲ ಬರುತ್ತಿರಲಿಲ್ಲ. ಒಂದೇ ನೋಟದಲ್ಲಿ ಎಲ್ಲ ತಿಳಿಯುವ ಹಾಗಿದ್ದರೆ ಮತ್ತೆ ಬರುವ ಅಗತ್ಯವೇನು ಎಂದು ಅವನು ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಒಂದು ದಿನ ಮಾತ್ರ ಅವನು ತನ್ನದೇ ಫೋನಿನಲ್ಲಿ ಅವಳ ಪುಟ ತೆರೆದ. ಕನಕಾಂಬರ ಬಂತು, ಹಣೆ ಬಂತು, ಹುಬ್ಬು ಬಂತು. ಕಣ್ಣಿಗಾಗಿ ಕಾದ. ಬರಲಿಲ್ಲ. ಅವಳ ನಗು ನೋಡಬೇಕೆಂಬ ಆಸೆ ಅವನಿಗೂ ಆಯಿತು, ಅದನ್ನು ತಡೆದವನು ತಾನೇ ಎಂಬುದಕ್ಕೆ ಹೊಟ್ಟೆ ಉರಿಯಿತು. ಮದುವೆ ಆದ ಮೇಲೆ ದಿನವೂ ನೋಡುವುದು ಇದ್ದೇ ಇದೆ ಎಂದು ಸಮಾಧಾನ ಮಾಡಿಕೊಂಡು ಫೋನು ಮುಚ್ಚಿದ.

ಆಷಾಢ ಬಂತು. ಆಷಾಢದಲ್ಲಿ ಹೆಣ್ಣು ನೋಡಲು ಯಾರೂ ಹೊರಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಾಗಾಗಿ ಆ ತಿಂಗಳು ಅವನು ನಿಶ್ಚಿಂತೆಯಿಂದ ಇದ್ದ. ಒಂದು ಹೊಸ ಶರ್ಟು ಹೊಲಿಸಿದ. ಆಫೀಸಿಗೆ ಸುಣ್ಣ ಬಳಿಸಿದ. ಹರಿತಾಳಿಗೆ ಗೌರಿಬಿದನೂರಿನ ಕಾಲೇಜಿಗೆ ಬದಲಿ ಕೆಲಸ ಸಿಗುತ್ತದೆಯೇ ಎಂದು ಒಬ್ಬರಲ್ಲಿ ವಿಚಾರಿಸಿಯೂ ಇಟ್ಟ.

ಶ್ರಾವಣದ ಮೊದಲ ಶುಕ್ರವಾರ ತಾಯಿ ಮಗ ಇಬ್ಬರೂ ಚಿಂತಾಮಣಿಗೆ ಹೊರಟರು. ಮುನಿಶಾಮಪ್ಪನವರು ಕರೆದಿರಲಿಲ್ಲ. "ಕರೀಲಿ ಅಂತ ಯಾಕೆ ಕಾಯಾಣಮ್ಮ, ನಾವೇ ಹೋಗಣ. ಅವ್ರಿಗೂ ಬೇರೆ ದಾರಿ ಇಲ್ಲ" ಎಂದ ರಮೇಶ್‌ಬಾಬು. ಶ್ಯಾಮಲಮ್ಮ ಬಾಳೆಹಣ್ಣು, ಎಲೆ ಅಡಿಕೆ, ಎರಡು ಮೊಳ ಸೇವಂತಿಗೆ ಚೀಲಕ್ಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ಸೊಸೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಮಾತಾಡುತ್ತಿದ್ದಳು.

ಮುನಿಶಾಮಪ್ಪನವರ ಮನೆಯ ಮುಂದೆ ಚಪ್ಪಲಿಗಳು ರಸ್ತೆಯವರೆಗೂ ಬಂದಿದ್ದವು. ಒಳಗಿನಿಂದ ಒಗ್ಗರಣೆಯ ವಾಸನೆ, ತೆಲುಗು ಕನ್ನಡ ಎರಡರಲ್ಲೂ ನಗು. ನಡುಮನೆಯಲ್ಲಿ ಹೊಸ ಪಂಚೆಯುಟ್ಟ ಹುಡುಗನೊಬ್ಬ ಹಿರಿಯರ ನಡುವೆ ಬೆವರುತ್ತ ಕೂತಿದ್ದ. ಅವನು ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದ ಮನೆಯ ಚಿರಂಜೀವಿ ಎಂದು ಯಾರೋ ಹೇಳಿದರು. ಹರಿತಾ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದವಳು ರಮೇಶ್‌ಬಾಬುವನ್ನು ಗುರುತಿಸಿ, "ಚೆನ್ನಾಗಿದೀರಾ? ಸ್ಪೀಡ್ ಕೆಲ್ಸ ಹೆಂಗೆ ನಡೀತಿದೆ?" ಎಂದಳು. ಅವಳ ಕಣ್ಣುಗಳು ಇಷ್ಟು ಹತ್ತಿರದಲ್ಲಿ, ಇಷ್ಟು ಪೂರ್ತಿಯಾಗಿ ಕಂಡದ್ದು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ನಡೀತಿದೆ ಎಂದ. ಅವಳು ಚಿರಂಜೀವಿಗೆ ಕಾಫಿ ಕೊಡುವಾಗ ಅವನೇನೋ ಹೇಳಿದ, ಅವಳು ನಕ್ಕಳು. ಅದೇ ನಗು.

ಮುನಿಶಾಮಪ್ಪನವರು ಅವನನ್ನು ಹಿತ್ತಲ ಸೀಬೆ ಮರದ ಕೆಳಗೆ ಕರೆದುಕೊಂಡು ಹೋದರು. "ಬೇಜಾರು ಮಾಡ್ಕೋಬೇಡಪ್ಪ. ಮಾತಾಗೋಯ್ತು. ನಾನು ನಾಲ್ಕು ಕಡೆ ಅಂದ್ಕೊಂಡಿದ್ದೆ, ಹದಿನೆಂಟು ಕಡೆಯಿಂದ ಬಂದ್ರು. ಆಷಾಢ ಅಂತಾನೂ ನೋಡ್ಲಿಲ್ಲ. ಪಟ್ಟೀಲಿ ನನ್ನ ಹೆಸ್ರು ಊರು ಇತ್ತಲ್ಲ, ಬಸ್ ಸ್ಟ್ಯಾಂಡಲ್ಲಿ ಕೇಳ್ಕೊಂಡು ಬಂದ್ಬಿಟ್ರು."

"ಫೋಟೊ ನೋಡಿದ್ರಾ ಅವ್ರು?" ಎಂದು ರಮೇಶ್‌ಬಾಬು ಕೇಳಿದ.

"ಎಲ್ಲಿ ನೋಡ್ತಾರೆ? ನಮ್ಮ ಫೋನಲ್ಲಿ ಚೆನ್ನಾಗೇ ಬರುತ್ತೆ, ಅವ್ರಿಗೆ ಯಾರ್ಗೂ ಓಪನ್ನೇ ಆಗ್ಲಿಲ್ವಂತೆ. ಈ ಶಿಡ್ಲಘಟ್ಟದ ಹುಡುಗ ಹತ್ತು ದಿನ ಒತ್ತೀ ಒತ್ತೀ ಸಾಕಾಗಿ ನೇರ ಬಂದ."

"ಮೂರು ಸೆಕೆಂಡಿಗೆ ಬಿಟ್ಟು ಹೋಗ್ಬೇಕಿತ್ತಲ್ಲ" ಎಂಬ ಮಾತು ರಮೇಶ್‌ಬಾಬುವಿನ ಬಾಯಿಗೆ ಬಂದು ಅಲ್ಲೇ ನಿಂತಿತು.

"ಯಾಕೆ ಬಿಡ್ತಾರಪ್ಪ?" ಎಂದರು ಮುನಿಶಾಮಪ್ಪ, ಅವನ ಮುಖದಲ್ಲಿದ್ದ ಪ್ರಶ್ನೆಗೆ ಉತ್ತರವೆಂಬಂತೆ. "ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಓಪನ್ ಆಗುತ್ತಾ? ಪಹಣಿ ಓಪನ್ ಆಗುತ್ತಾ? ಜನ ಮುಗಿಬಿದ್ರೆ ಸರ್ವರ್ ಬ್ಯುಸಿ. ಇದು ನಮ್ಮೋರಿಗೆ ಗೊತ್ತಿಲ್ದಿದ್ದೇನು? ಆ ಹುಡುಗಿ ಪೇಜ್ ಓಪನ್ನೇ ಆಗ್ತಿಲ್ಲ, ಅಷ್ಟು ಜನ ನೋಡ್ತಾವ್ರೆ, ಬೇಗ ಹೋಗ್ರಪ್ಪ ಕೈತಪ್ಪೋಗುತ್ತೆ ಅಂತ ಒಬ್ರಿಗೊಬ್ರು ಹೇಳ್ಕೊಂಡು ಬಂದ್ರು." ಅವರು ಒಂದು ಸೀಬೆ ಎಲೆ ಕಿತ್ತು ಬೆರಳಲ್ಲಿ ಮಡಿಸಿದರು. "ನಿನ್ನತ್ರ ಮುಚ್ಚಿಡೋದು ಬೇಡ. ಇಷ್ಟೆಲ್ಲ ಆದ್ರೂ ನನ್ನ ಮನಸ್ಸಲ್ಲಿ ನೀನೇ ಇದ್ದೆ. ಮನೆಯೋರೆಲ್ಲ ಕೂತು ನಿನ್ನ ಪೇಜೂ ನೋಡಿದ್ವಿ ಕಣಪ್ಪ. ನನ್ನ ಫೋನಲ್ಲಿ ನೋಡಿದ್ವಿ, ಹರಿತಾ ಫೋನಲ್ಲಿ ನೋಡಿದ್ವಿ, ಪಕ್ಕದ್ಮನೆಯೋರ ಫೋನಲ್ಲೂ ನೋಡಿದ್ವಿ. ಬೆಳಿಗ್ಗೆ ನೋಡಿದ್ರೂ ಸಾಯಂಕಾಲ ನೋಡಿದ್ರೂ ಬೇರೆ ಹುಡುಗ್ರುದು ಮುಟ್ಟಿದ್ಮೇಲೆ ಬಂದ್ರೆ ನಿಂದು ಮುಟ್ಟೋಕೆ ಮುಂಚೆನೇ ಓಪನ್ ಆಗೋಗುತ್ತೆ. ಒಂದು ನರಪಿಳ್ಳೆ ಅತ್ತ ತಲೆ ಹಾಕ್ತಿಲ್ಲ. ಇಷ್ಟು ಜನ ಬಿಟ್ಟಿರೋ ಹುಡುಗ, ಒಳಗೆ ಏನಿದೆಯೋ ಏನೋ ಅಂತ ನಮ್ಮನೇವ್ಳು ಹೆದರ್ಕೊಂಡ್ಳು." ರಮೇಶ್‌ಬಾಬು ನಿಜ ಹೇಳಲೆಂದು ಬಾಯಿ ತೆರೆದ. ತನ್ನ ಪುಟವನ್ನು ತಾನೇ ಹಾಗೆ ಮಾಡಿದ್ದೆಂದು ಹೇಳಿದರೆ ಹರಿತಾಳದ್ದನ್ನು ಹೀಗೆ ಮಾಡಿದವರು ಯಾರೆಂದೂ ಹೇಳಬೇಕಾಗುತ್ತದೆ. ಮುನಿಶಾಮಪ್ಪನವರು ಕರುಣೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟು, "ಬಾ, ಊಟ ಮಾಡ್ಕೊಂಡು ಹೋಗು" ಎಂದರು.